ಹಂದಿಮಾಂಸದ ನಾತ ನ್ಯಾಯಾಲಯದ ಮೆಟ್ಟಿಲೇರಿದ್ದು

ಗಂಡು ಹಂದಿಮರಿಗಳ ಬೀಜ ತೆಗೆಯುವುದು ಯುರೋಪಿನ ರೈತರ ಬಹು ಹಳೆಯ ಪದ್ಧತಿ. ಕಾರಣ, ವಾಸನೆ. ಬೀಜವಿರುವ ಹಂದಿ ಬಲಿತ ಮೇಲೆ ಅದರ ಮಾಂಸವನ್ನು ಬಾಣಲೆಗೆ ಹಾಕಿದರೆ ಕೆಲವೊಮ್ಮೆ ಮೂತ್ರದ ಇಲ್ಲವೇ ಮಲದ ನಾತ ಏಳುತ್ತದೆ. ಆದರೆ ಅಂಥ ಹಂದಿ ಕಡಿಮೆ ಮೇವು ತಿಂದು ಕೊಬ್ಬು ಕಡಿಮೆಯಿರುವ ಮಾಂಸ ಕೊಡುತ್ತದೆ. ಮರಿಗೆ ಅರಿವಳಿಕೆಯಿಲ್ಲದೆ ಚಾಕು ಹಾಕುವ ಹಿಂಸೆಯೂ ತಪ್ಪುತ್ತದೆ. ನಾತದ ಹಂದಿಯನ್ನಷ್ಟೇ ಬೇರ್ಪಡಿಸಲು ಸಾಧ್ಯವಾದರೆ?

ಮೊದಲು ನಾತದ ಮೂಲ ತಿಳಿಯಬೇಕಿತ್ತು. 1968ರಲ್ಲಿ ಬ್ರಿಟನ್ನಿನ ಪ್ಯಾಟರ್ಸನ್ ಅದನ್ನು ಆಂಡ್ರೋಸ್ಟೀನೋನ್ ಎಂದು ಗುರುತಿಸಿದರು. ಇದು ವೃಷಣದಲ್ಲಿ ಹುಟ್ಟಿ ಕೊಬ್ಬಿನಲ್ಲಿ ಸೇರಿಕೊಳ್ಳುವ ವಸ್ತು. 1970ರಲ್ಲಿ ನಾರ್ವೆ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಎರಡನೆಯ ಅಪರಾಧಿಯನ್ನು ಹಿಡಿದರು: ಕರುಳಿನ ಬ್ಯಾಕ್ಟೀರಿಯಾಗಳು ತಯಾರಿಸುವ ಸ್ಕಾಟೋಲ್.

ಜಗಳಕ್ಕೆ ಕಾರಣವಾದದ್ದು ಈ ಇಬ್ಬರು ಅಪರಾಧಿಗಳೇ. ಡೆನ್ಮಾರ್ಕ್ ಸ್ಕಾಟೋಲನ್ನು ಆರಿಸಿಕೊಂಡಿತು. ಕೊಬ್ಬಿನ ಚೂರಿನಿಂದ ಬಣ್ಣ ಬರಿಸಿ ಅಳೆಯುವ ಯಂತ್ರಗಳನ್ನು ಕಸಾಯಿಖಾನೆಗಳಲ್ಲೇ ಕೂರಿಸಿ, ಗ್ರಾಮಿಗೆ 0.25 ಮೈಕ್ರೋಗ್ರಾಂ ಮೀರಿದ ಮಾಂಸವನ್ನು ಬದಿಗಿಟ್ಟಿತು. ಅದರ ದೊಡ್ಡ ಗಿರಾಕಿಯಾದ ಜರ್ಮನಿ ಇದನ್ನು ಒಪ್ಪಲಿಲ್ಲ. ಆಂಡ್ರೋಸ್ಟೀನೋನ್ ಗ್ರಾಮಿಗೆ 0.5 ಮೈಕ್ರೋಗ್ರಾಂ ದಾಟಿದರೆ ಆ ಮಾಂಸಕ್ಕೆ ಮುದ್ರೆ ಬೀಳಬೇಕು, ಅದನ್ನು ಬಿಸಿಯಲ್ಲಿ ಸಂಸ್ಕರಿಸಬೇಕು ಎಂದು ಪಟ್ಟು ಹಿಡಿಯಿತು. ಒಂದೇ ಮಾಂಸ ಒಂದು ದೇಶದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು! ಯುರೋಪಿನ ಆಯೋಗ ದೂರು ಕೊಂಡೊಯ್ದಿತು. ಜರ್ಮನಿಯ ಕ್ರಮ ನಿಯಮಗಳಿಗೆ ವಿರುದ್ಧ ಎಂದು 1998ರ ನವೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಆದರೆ ಗಿರಾಕಿಯ ಮೂಗನ್ನು ತೀರ್ಪು ಒಪ್ಪಿಸೀತೇ? ಡೆನ್ಮಾರ್ಕಿನ ರೈತರು ಬಹುಪಾಲು ಹಳೆಯ ಪದ್ಧತಿಗೇ ಮರಳಿದರು.

ಮೂಗಿನ ಕಥೆಯೂ ವಿಚಿತ್ರವೇ. ಆಂಡ್ರೋಸ್ಟೀನೋನ್ ಕೆಲವರಿಗೆ ಮೂತ್ರದಂತೆ ನಾರಿದರೆ, ಕೆಲವರಿಗೆ ಸಿಹಿಯಾಗಿ ಕಾಣುತ್ತದೆ. ಇನ್ನು ಕೆಲವರಿಗೆ ವಾಸನೆಯೇ ಬಾರದು. ಇದಕ್ಕೆ ಒಂದು ಜೀನಿನ ವ್ಯತ್ಯಾಸವೂ ಕಾರಣವೆಂದು 2007ರಲ್ಲಿ ಗೊತ್ತಾಯಿತು. ಹಾಗಾದರೆ ಮಿತಿಯನ್ನು ಯಾರ ಮೂಗಿಗೆ ತಕ್ಕಂತೆ ಗೊತ್ತುಮಾಡಬೇಕು? ಸ್ಕಾಟೋಲ್ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಹೊಡೆಯುತ್ತದೆ. ಆ ಮಟ್ಟಿಗೆ ಡೆನ್ಮಾರ್ಕಿನ ಆಯ್ಕೆಯಲ್ಲಿ ಅರ್ಥವಿತ್ತು.

2018ರೊಳಗೆ ಬೀಜ ತೆಗೆಯುವುದನ್ನೇ ನಿಲ್ಲಿಸಬೇಕೆಂದು 2010ರಲ್ಲಿ ಯುರೋಪಿನ ಮಾಂಸೋದ್ಯಮ ಮತ್ತು ರೈತಸಂಘಟನೆಗಳು ಸ್ವಇಚ್ಛೆಯಿಂದ ಘೋಷಿಸಿದವು. ಗಡುವು ಮುಗಿಯಿತು, ಪದ್ಧತಿ ಮುಗಿಯಲಿಲ್ಲ. ಅರಿವಳಿಕೆಯಿಲ್ಲದ ಶಸ್ತ್ರಕ್ರಿಯೆಯನ್ನು ಜರ್ಮನಿ 2021ರಿಂದ ನಿಷೇಧಿಸಿದೆ. ಬೀಜವಿರುವ ಹಂದಿಗಳನ್ನು ಕಡಿಯುವ ನೆದರ್ಲೆಂಡ್ಸ್, ಜರ್ಮನಿಗಳ ಕಸಾಯಿಖಾನೆಗಳಲ್ಲಿ ಈಗ ಕೊಬ್ಬನ್ನು ಕಾಯಿಸಿ ಮೂಸಿ ನೋಡುವ ನೌಕರರಿದ್ದಾರೆ. ಈ ಕೆಲಸಕ್ಕೆ ಬರುವವರು ಮೊದಲು ತಮಗೆ ಆಂಡ್ರೋಸ್ಟೀನೋನ್ ವಾಸನೆ ತಿಳಿಯುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಬೇಕು.