ನಿರ್ಲಕ್ಷಿತ ಸಾಕುನಾಯಿಗಳ ರಕ್ಷಣೆ, ಪುನರ್ವಸತಿ ಮತ್ತು ದತ್ತು: ಸಾರ್ವಜನಿಕರಿಗೆ ಮಾಹಿತಿ

ಸದಾ ಸರಪಳಿಯಲ್ಲಿರುವ, ಅನ್ನ ನೀರಿಲ್ಲದೆ ಸೊರಗಿದ ಅಥವಾ ಮಾಲೀಕರು ತೊರೆದುಹೋದ ಸಾಕುನಾಯಿಗಳ ರಕ್ಷಣೆಗೆ ಮುಂದಾಗುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸರಪಳಿ ಬಿಚ್ಚಿದ ಮಾತ್ರಕ್ಕೆ ರಕ್ಷಣೆ ಪೂರ್ಣಗೊಳ್ಳುವುದಿಲ್ಲ. ತದನಂತರದ ಆತುರವೂ ನಾಯಿಯ ಪ್ರಾಣಕ್ಕೆ ಎರವಾಗಬಹುದು. ಬೀದಿನಾಯಿಗಳ ವಿಷಯವು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ವ್ಯಾಪ್ತಿಗೆ ಒಳಪಡುವುದರಿಂದ ಅದಕ್ಕಾಗಿ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸತಕ್ಕದ್ದು.

1. ಕಾನೂನಿನ ಉಪಬಂಧಗಳು
ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ 11ನೇ ಪ್ರಕರಣದ ಮೇರೆಗೆ ಈ ಕೆಳಕಂಡವು ಅಪರಾಧಗಳಾಗಿರುತ್ತವೆ:
ಅ) ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು.
ಆ) ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಹಾಕುವುದು.
ಇ) ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದು.
ಈ) ಹಸಿವು, ಬಾಯಾರಿಕೆಯಿಂದ ನರಳುವಂತೆ ಸಕಾರಣವಿಲ್ಲದೆ ತೊರೆದುಹೋಗುವುದು.

2. ದೂರು ಮತ್ತು ಹಸ್ತಾಂತರ
ಅನ್ಯರ ನಾಯಿಯನ್ನು ಅನುಮತಿಯಿಲ್ಲದೆ ಕೊಂಡೊಯ್ಯಕೂಡದು. ಮೊದಲು ಮಾಲೀಕರಿಗೆ ತಿಳಿಹೇಳಿ, ಅವರು ಒಪ್ಪಿದಲ್ಲಿ ಲಿಖಿತ ಒಪ್ಪಿಗೆ ಪತ್ರ ಪಡೆಯುವುದು ಸೂಕ್ತ. ಒಪ್ಪದಿದ್ದಲ್ಲಿ ದಿನಾಂಕ ಸಹಿತ ಛಾಯಾಚಿತ್ರಗಳೊಂದಿಗೆ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ದೂರು ಸಲ್ಲಿಸಬಹುದು. ಮಾಲೀಕರು ಅಪರಾಧಿ ಎಂದು ತೀರ್ಮಾನವಾದಲ್ಲಿ, 29ನೇ ಪ್ರಕರಣದ ಮೇರೆಗೆ ಪ್ರಾಣಿಯ ಮೇಲಿನ ಅವರ ಹಕ್ಕನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

3. ಮೊದಲ ದಿನಗಳ ಆರೈಕೆ
ಬಹುದಿನ ಹಸಿದ ನಾಯಿಗೆ ಮರುಕದಿಂದ ಹೊಟ್ಟೆ ತುಂಬ ಉಣಿಸಬಾರದು. ಬಡಕಲಾದ ಶರೀರಕ್ಕೆ ಒಮ್ಮೆಲೇ ಹೆಚ್ಚು ಆಹಾರ ದೊರೆತಲ್ಲಿ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಮುಂತಾದ ಲವಣಾಂಶಗಳು ಕುಸಿದು ಸಾವು ಸಂಭವಿಸಬಹುದು. ಆದ್ದರಿಂದ ಪಶುವೈದ್ಯರ ಸಲಹೆಯಂತೆ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ನೀಡಿ, ಕ್ರಮೇಣ ಹೆಚ್ಚಿಸತಕ್ಕದ್ದು. ಮನುಷ್ಯರ ನೋವಿನ ಮಾತ್ರೆಗಳನ್ನು ಸ್ವಂತ ಇಚ್ಛೆಯಿಂದ ನೀಡಕೂಡದು.

ಪಾರ್ವೊ, ಡಿಸ್ಟೆಂಪರ್ ರೋಗಗಳು ಹರಡದಂತೆ ಕನಿಷ್ಠ 2 ವಾರ ಇತರ ನಾಯಿಗಳಿಂದ ಪ್ರತ್ಯೇಕವಾಗಿಡುವುದು. ಕೆಲವು ಬಗೆಯ ಕಜ್ಜಿ ಮನುಷ್ಯರಿಗೂ ತಗಲುವುದರಿಂದ ಮುಟ್ಟಿದ ನಂತರ ಕೈ ತೊಳೆಯತಕ್ಕದ್ದು. ನಾಯಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ತೆರಳಿ ರೇಬೀಸ್ ನಿರೋಧಕ ಲಸಿಕೆ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.

4. ಪುನರ್ವಸತಿ
ನಾಯಿ ಚೇತರಿಸಿಕೊಂಡಂತೆ ಜಂತುಹುಳು ಔಷಧಿ, ಉಣ್ಣೆ ನಿವಾರಣೆ, ಲಸಿಕೆ ಹಾಗೂ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ಸೂಚಿಸಿದ ಕ್ರಮದಲ್ಲಿ ಮಾಡಿಸುವುದು. ಹೆದರಿದ ನಾಯಿಯನ್ನು ಬಲವಂತವಾಗಿ ಮುದ್ದಿಸದೆ, ನಿಗದಿತ ವೇಳೆಗೆ ಊಟ ನೀಡಿ, ಅದಾಗಿಯೇ ಸಮೀಪಿಸುವವರೆಗೆ ಕಾಯತಕ್ಕದ್ದು. ಮೂಲೆಯಲ್ಲಿ ಮುದುಡಿರುವ ನಾಯಿಯನ್ನು ಸಾಧು ಸ್ವಭಾವದ್ದೆಂದು ತಪ್ಪಾಗಿ ಭಾವಿಸಬಾರದು. ಹೆದರಿಕೆಯಿಂದಲೂ ನಾಯಿ ಕಚ್ಚುತ್ತದೆ.

5. ದತ್ತು ನೀಡುವಾಗ
ಅ) ಮನೆಯ ಎಲ್ಲ ಸದಸ್ಯರ, ಬಾಡಿಗೆ ಮನೆಯಾದಲ್ಲಿ ಮನೆ ಮಾಲೀಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳುವುದು.
ಆ) ನಾಯಿಯ ಕಾಯಿಲೆ, ಭಯ, ಕಚ್ಚಿದ ಪ್ರಸಂಗಗಳಿದ್ದಲ್ಲಿ ಅವನ್ನು ಮರೆಮಾಚದೆ ತಿಳಿಸುವುದು.
ಇ) ಲಸಿಕಾ ದಾಖಲೆಯನ್ನು ಹಸ್ತಾಂತರಿಸಿ, ಸಾಕಲಾಗದಿದ್ದಲ್ಲಿ ಬೀದಿಗೆ ಬಿಡದೆ ಹಿಂದಿರುಗಿಸುವ ಬಗ್ಗೆ ಮುಚ್ಚಳಿಕೆ ಪಡೆಯುವುದು.
ಈ) ಸ್ಥಳೀಯ ಸಂಸ್ಥೆಯ ಪರವಾನಗಿ ಅಗತ್ಯವಿರುವಲ್ಲಿ ಅದನ್ನು ಪಡೆಯುವಂತೆ ತಿಳಿಸುವುದು.

ಒಮ್ಮೆ ಮನೆ ಕಳೆದುಕೊಂಡ ನಾಯಿ ಮತ್ತೊಮ್ಮೆ ಅದೇ ಸ್ಥಿತಿಗೆ ಬಾರದಂತೆ ನೋಡಿಕೊಳ್ಳುವುದೇ ಪುನರ್ವಸತಿಯ ಉದ್ದೇಶ. ಆದ್ದರಿಂದ ಸೂಕ್ತ ಮನೆ ದೊರೆಯುವವರೆಗೆ ತಾಳ್ಮೆ ವಹಿಸಲು ಹಾಗೂ ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.