ಸಿಲಿಕೋನ್ ಚೀಲದ ಕಥೆ

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಕ್ಯಾನ್ಸರ್ ಅಂತ ಒಂದು ಸ್ತನ ತೆಗೆಸಿಕೊಂಡು ಎರಡು ವರ್ಷವಾಯ್ತು ಅವಳಿಗೆ. "ಸಿಲಿಕೋನ್ ಇಟ್ಟು ಸರಿ ಮಾಡಬಹುದಂತೆ ಕಣೇ.. ಆಮೇಲೇನಾದ್ರೂ ತೊಂದ್ರೆ ಆಗುತ್ತಾ?" ಅಂದಳು. ನನಗೇನು ಗೊತ್ತು? ಕೂತು ಓದಿದೆ. ಓದಿದ್ದನ್ನ ನಿಮಗೂ ಹೇಳೋಣ ಅನ್ನಿಸ್ತು.

1895ರಲ್ಲಿ ಜರ್ಮನಿಯ ಸರ್ಜನ್ ವಿನ್ಸೆಂಟ್ ಚೆರ್ನಿ, ಗಡ್ಡೆ ತೆಗೆದ ಸ್ತನದೊಳಗೆ ಆಕೆಯದೇ ಬೆನ್ನಿನ ಕೊಬ್ಬಿನ ಗಂಟನ್ನು ಇಟ್ಟು ತುಂಬಿದ. ಆಮೇಲೆ ಬಂದದ್ದು ಪ್ಯಾರಾಫಿನ್ ಚುಚ್ಚುವ ಹುಚ್ಚು. ಗಂಟು, ಹುಣ್ಣು, ಸೋಂಕು ಕಂಡಮೇಲೆ ಅದೂ ಹೋಯ್ತು. 1962ರಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಕ್ರೋನಿನ್, ಜೆರೋ ಎಂಬ ವೈದ್ಯರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಮೊದಲ ಬಾರಿಗೆ ಒಬ್ಬ ಮಹಿಳೆಗೆ ಅಳವಡಿಸಿದರು. ಪಾಪ, ಆಕೆ ಆಸ್ಪತ್ರೆಗೆ ಹೋಗಿದ್ದು ಹಚ್ಚೆ ಅಳಿಸಿಕೊಳ್ಳೋಕೆ! ಅದಕ್ಕೂ ಮುಂಚೆ ಪರೀಕ್ಷೆ ನಡೆದದ್ದು ಎಸ್ಮೆರಾಲ್ಡಾ ಎಂಬ ನಾಯಿಯ ಮೇಲೆ.

ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಪೊರೆ ಕಟ್ಟುತ್ತೆ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಕಲ್ಲಿನಂತಾಗಿ ನೋಯುತ್ತೆ. ಚೀಲ ಒಳಗೇ ಒಡೆದರೂ ಎಷ್ಟೋ ಸಲ ಗೊತ್ತಾಗೋದಿಲ್ಲ, ಎಂಆರ್‌ಐ ಮಾಡಿಸಬೇಕು.

ದೂರುಗಳು ಹೆಚ್ಚಾಗಿ 1992ರಲ್ಲಿ ಅಮೆರಿಕದ ಎಫ್‌ಡಿಎ ಜೆಲ್ ಚೀಲಗಳ ಬಳಕೆಗೆ ಕಡಿವಾಣ ಹಾಕಿತು. ಆದರೆ ಅಕ್ಕನಂಥವರಿಗೆ ವಿನಾಯಿತಿ ಇತ್ತು. ಮೊಕದ್ದಮೆಗಳ ಹೊರೆಗೆ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರ ತಜ್ಞರ ವರದಿ ಸಂಧಿವಾತದಂಥ ಕಾಯಿಲೆಗಳಿಗೆ ಇದೇ ಕಾರಣ ಎನ್ನಲು ಪುರಾವೆ ಸಾಲದು, ಪೊರೆ ಬಿಗಿಯುವುದು, ಒಡೆಯುವುದು ಮಾತ್ರ ನಿಜ ಎಂದಿತು. 2006ರಲ್ಲಿ ಜೆಲ್ ಚೀಲಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿತು.

ಕಥೆ ಅಲ್ಲಿಗೆ ಮುಗೀಲಿಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬುತ್ತಿದ್ದದ್ದು 2010ರಲ್ಲಿ ಬಯಲಾಯ್ತು. 2013ರಲ್ಲಿ ಅದರ ಸ್ಥಾಪಕನಿಗೆ ನಾಲ್ಕು ವರ್ಷ ಜೈಲು ಶಿಕ್ಷೆ. ಮೇಲ್ಮೈ ತರಿತರಿಯಾಗಿರುವ ಚೀಲಗಳ ಸುತ್ತ ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುವುದು ಗೊತ್ತಾಗಿ, 2019ರಲ್ಲಿ ಅಲರ್ಗನ್ ತನ್ನ ಬಯೋಸೆಲ್ ಚೀಲಗಳನ್ನು ಹಿಂದಕ್ಕೆ ಪಡೆಯಿತು. ಇವು ಜೀವನಪೂರ್ತಿ ಬರುವ ವಸ್ತುಗಳಲ್ಲ ಅಂತ 2021ರಲ್ಲಿ ಎಫ್‌ಡಿಎ ಎಚ್ಚರಿಕೆಯ ಪಟ್ಟಿಯಲ್ಲೇ ಬರೆಸಿತು.

ಇಷ್ಟನ್ನೂ ಹೇಳಿದೆ. ಬೇಡ ಅನ್ನೋಕೆ ನಾನ್ಯಾರು? ರೇಡಿಯೇಶನ್ ಆದವರಲ್ಲಿ ಪೊರೆ ಬಿಗಿಯುವ ಸಂಭವ ಜಾಸ್ತಿ, ಅವಳಿಗೂ ಆಗಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನುಣುಪಿನದೋ ತರಿಯದೋ, ಒಡೆದರೆ ಮುಂದೇನು.. ಮೊದಲು ಇಷ್ಟು ಕೇಳ್ಕೊಂಡು ಬರ್ತೀನಿ" ಅಂದಳು.

ಅರವತ್ತು ವರ್ಷ ಎಷ್ಟೋ ಹೆಂಗಸರಿಗೆ ಈ ಪ್ರಶ್ನೆಗಳನ್ನ ಕೇಳಬೇಕು ಅಂತಲೇ ಯಾರೂ ಹೇಳಿರಲಿಲ್ಲ, ಅಲ್ವಾ?