ಕುದುರೆಯ ನೀರು, ಮನುಷ್ಯನ ಗೈರುಹಾಜರಿ

ಅಮೆರಿಕದ ಮಿನೆಸೋಟ, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಕುದುರೆ ಸಾಕುವವರಿಗೆ ಶರತ್ಕಾಲವೆಂದರೆ ನೆಲ ಅಗೆಯುವ ಕಾಲ. ಡಿಸೆಂಬರ್ ಹೊತ್ತಿಗೆ ಅಲ್ಲಿನ ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಅಗೆಯುವ ಮಾತೇ ಇಲ್ಲ. ಮಿನೆಸೋಟದ ಉತ್ತರ ಭಾಗದಲ್ಲಿ ಮನೆಯ ಅಡಿಪಾಯವನ್ನು ಐದಡಿ ಆಳಕ್ಕೆ ಇಳಿಸಬೇಕೆಂಬ ಕಟ್ಟಡ ನಿಯಮವಿದೆ, ನೀರಿನ ಕೊಳವೆಯನ್ನು ಅದಕ್ಕಿಂತಲೂ ಕೆಳಗೆ ಹೂಳುತ್ತಾರೆ. ಆ ಕೊಳವೆಯಿಂದ ನೆಟ್ಟಗೆ ಮೇಲೆದ್ದು ಬರುವ ಇನ್ನೊಂದು ಕೊಳವೆ, ಅದರ ಸುತ್ತ ಅಗಲವಾದ ಹೊರಕವಚ, ತುದಿಯಲ್ಲೊಂದು ಬೋಗುಣಿ, ಬೋಗುಣಿಯೊಳಗೆ ನೀರಿನ ಮಟ್ಟ ಕಾಯುವ ಫ್ಲೋಟ್ ವಾಲ್ವ್. ಕುದುರೆ ಕುಡಿದಷ್ಟು ನೀರು ತಾನಾಗಿ ತುಂಬಿಕೊಳ್ಳುತ್ತದೆ, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಬೋಗುಣಿ ಹೆಪ್ಪುಗಟ್ಟದು. ಕುಣಿಗಲ್ಲಿನ ಸ್ಟಡ್ ಫಾರ್ಮಿನವರು ಇಂಥದ್ದೊಂದನ್ನು ಕನಸಿನಲ್ಲೂ ಎಣಿಸಬೇಕಾಗಿಲ್ಲ. ಚಳಿನಾಡಿನಲ್ಲಿ ಮಾತ್ರ ಇದು ಈಗ ತೀರ ಸಾಮಾನ್ಯ ಸಲಕರಣೆ. ಇದರ ಹುಟ್ಟನ್ನು ಪ್ರಾಣಿದಯೆಯ ಕಥೆಯಾಗಿಯೋ ವಿದ್ಯುತ್ತಿನ ಕಥೆಯಾಗಿಯೋ ಹೇಳುವುದು ರೂಢಿ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಇದಕ್ಕೆ ಬೇಕಾದ ಮುಖ್ಯ ತಿಳಿವಳಿಕೆ ಇನ್ನೂರು ವರ್ಷಗಳ ಹಿಂದೆಯೇ ಸಿದ್ಧವಿತ್ತು, ಕುದುರೆಯ ಬಾಯಾರಿಕೆಯಂತೂ ಅಂದೂ ಇಂದೂ ಒಂದೇ. ನಡುವೆ ಬದಲಾದದ್ದು ಕುದುರೆಯ ಪಕ್ಕದಲ್ಲಿದ್ದ ಮನುಷ್ಯ. ಅವನು ಅಲ್ಲಿಂದ ಎದ್ದು ಹೋದ ಮೇಲೆಯೇ ಈ ಯಂತ್ರ ಬೇಕಾಯಿತು ಎಂಬುದು ನನ್ನ ವಾದ.

ಮೊದಲು ಬಾಯಾರಿಕೆಯ ಮಾತು. ಸಾಧಾರಣ ಮೈಕಟ್ಟಿನ ಕುದುರೆಗೆ ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಮೇಯುವ ಹಸಿಹುಲ್ಲಿನ ಮುಕ್ಕಾಲು ಪಾಲು ನೀರೇ ಆದ್ದರಿಂದ ತೊಟ್ಟಿಯ ಮೇಲಿನ ಭಾರ ಕಡಿಮೆ. ಚಳಿಗಾಲದ ಒಣಹುಲ್ಲಿನಲ್ಲಿ ತೇವ ನೂರಕ್ಕೆ ಹತ್ತು ಹದಿನೈದು ಪಾಲಿಗಿಂತ ಹೆಚ್ಚಿರುವುದಿಲ್ಲ, ಹಾಗಾಗಿ ಸೆಕೆ ಇಲ್ಲದ ಕಾಲದಲ್ಲಿಯೇ ಕುದುರೆ ಹೆಚ್ಚು ಕುಡಿಯಬೇಕಾಗುತ್ತದೆ. ಕುಡಿಯದಿದ್ದರೆ ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ಕೂತು ಹೊಟ್ಟೆಶೂಲೆ ಬರುತ್ತದೆ, ಕುದುರೆ ಸಾಕುವವರು ಚಳಿಗಾಲದಲ್ಲಿ ಅತಿಯಾಗಿ ಹೆದರುವುದು ಇದಕ್ಕೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಳಿಯಲ್ಲಿ ನಿಂತ ತಟ್ಟುಗಳಿಗೆ ಮಂಜಿನಷ್ಟು ತಣ್ಣನೆಯ ನೀರಿನ ಬದಲು ಬಿಸಿ ಮಾಡಿದ ನೀರನ್ನಷ್ಟೇ ಇಟ್ಟಾಗ ಅವು ಸುಮಾರು ಶೇಕಡ 40ರಷ್ಟು ಹೆಚ್ಚು ಕುಡಿದವು. ತಮಾಷೆಯೆಂದರೆ, ಎರಡನ್ನೂ ಒಟ್ಟಿಗೆ ಇಟ್ಟರೆ ಅವು ಬಾಯಿ ಹಾಕುತ್ತಿದ್ದುದು ಹೆಚ್ಚಾಗಿ ತಣ್ಣೀರಿಗೇ. ಒಳ್ಳೆಯದನ್ನೇ ಆರಿಸಿಕೊಳ್ಳುವ ವಿವೇಕವನ್ನು ಪ್ರಾಣಿಗಳ ಮೇಲೆ ಸುಮ್ಮನೆ ಹೊರಿಸಬಾರದು ಎನ್ನುವುದಕ್ಕೆ ಇದು ಸಾಕು. ಹಿಮ ತಿಂದು ಬದುಕುವ ಕುದುರೆಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಮಂಗೋಲಿಯದ ಹುಲ್ಲುಗಾವಲಿನಲ್ಲಿ ಚಳಿಗಾಲವಿಡೀ ಹೊರಗಿರುವ ಕುದುರೆಗಳು ಹಿಮ ನೆಕ್ಕಿಯೇ ದಿನ ಕಳೆಯುತ್ತವೆ. ಆದರೆ ಅವು ಹುಟ್ಟಿದಂದಿನಿಂದ ಅದಕ್ಕೆ ಒಗ್ಗಿಕೊಂಡ, ದಿನವೆಲ್ಲ ಸ್ವಲ್ಪಸ್ವಲ್ಪವೇ ಮೇಯುತ್ತ ತಿರುಗುವ ಪ್ರಾಣಿಗಳು. ಹೊಸದಾಗಿ ಬಿದ್ದ ಹಿಮದ ಹತ್ತು ಲೀಟರ್ ಕರಗಿದರೆ ಸಿಗುವ ನೀರು ಸುಮಾರು ಒಂದು ಲೀಟರ್. ಮೂವತ್ತು ಲೀಟರ್ ನೀರಿಗೆ ಎಷ್ಟು ಹಿಮ ತಿನ್ನಬೇಕು, ಅದನ್ನು ಕರಗಿಸಲು ಮೈಯ ಶಾಖ ಎಷ್ಟು ಖರ್ಚಾಗಬೇಕು ಎಂಬ ಲೆಕ್ಕ ಹಾಕಿದರೆ, ಲಾಯದಲ್ಲಿ ಎರಡು ಹೊತ್ತು ಒಣಹುಲ್ಲು ತಿನ್ನುವ ಕುದುರೆಗೆ ಆ ದಾರಿ ಹೇಳಿದ್ದಲ್ಲ ಎಂಬುದು ಸ್ಪಷ್ಟ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಪ್ರಾಣಿದಯೆಯ ಕಥೆ ಹೇಳುವವರು ಇಲ್ಲಿ ಲಂಡನ್ನಿನ ಕಡೆ ಕೈ ತೋರಿಸುತ್ತಾರೆ. ಕಾಲರಾದಿಂದ ತತ್ತರಿಸಿದ್ದ ಆ ನಗರದಲ್ಲಿ ಜನರಿಗೆ ಶುದ್ಧ ನೀರು ಕೊಡಲೆಂದು ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಗರ್ನಿ, ವಕೀಲ ಎಡ್ವರ್ಡ್ ಥಾಮಸ್ ವೇಕ್‌ಫೀಲ್ಡ್ ಸೇರಿ 1859ರಲ್ಲಿ ಒಂದು ಸಂಘ ಕಟ್ಟಿದರು. 1867ರಲ್ಲಿ ಆ ಸಂಘ ತನ್ನ ಹೆಸರಿಗೆ ದನಗಳ ತೊಟ್ಟಿಯನ್ನೂ ಸೇರಿಸಿಕೊಂಡಿತು. ಅದು ಬೀದಿಬೀದಿಯಲ್ಲಿ ಇಡಿಸಿದ ಗ್ರಾನೈಟ್ ತೊಟ್ಟಿಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ, ಅವುಗಳಲ್ಲಿ ಈಗ ಹೂಗಿಡ ಬೆಳೆಸುತ್ತಾರೆ. ನ್ಯೂಯಾರ್ಕಿನಲ್ಲಿ ಹೆನ್ರಿ ಬರ್ಗ್ 1866ರಲ್ಲಿ ಪ್ರಾಣಿದಯಾ ಸಂಘ ಸ್ಥಾಪಿಸಿದ ಮೇಲೆ ಅಲ್ಲಿಯೂ ಬೀದಿ ಕುದುರೆಗಳಿಗೆ ನೀರಿನ ಕಟ್ಟೆಗಳಾದವು. ಈ ಜನರ ಕರುಣೆಯನ್ನು ಕೀಳುಗಳೆಯುವುದು ಸಲ್ಲದು. ಆದರೆ ಆ ತೊಟ್ಟಿಗಳು ಯಾರಿಗಾಗಿ ಇದ್ದವು ಎಂದು ನೋಡಬೇಕು. ಗಾಡಿ ಎಳೆಯುತ್ತ ಬೀದಿಗೆ ಬಂದ ಕುದುರೆಗೆ, ಅದರ ಲಗಾಮು ಹಿಡಿದ ಗಾಡಿಯವನು ಪಕ್ಕದಲ್ಲೇ ಇರುವಾಗ. ತೊಟ್ಟಿಯ ಬಳಿಗೆ ಕುದುರೆ ತಾನಾಗಿ ಹೋಗುತ್ತಿರಲಿಲ್ಲ, ಅವನು ಕರೆದೊಯ್ಯುತ್ತಿದ್ದ. ಮೇಲೆ ಗಡ್ಡೆ ಕಟ್ಟಿದ್ದರೆ ಅದನ್ನು ಒಡೆಯುವ ಕೈಯೂ ಅವನದೇ ಆಗಬೇಕು. ಸಂಜೆ ಲಾಯಕ್ಕೆ ಮರಳಿದ ಮೇಲೆ ಬಕೆಟ್ಟು ಹಿಡಿದ ಆಳು ಇರುತ್ತಿದ್ದ. ಕುದುರೆ ನಗರಕ್ಕೆ ಎಷ್ಟು ಅನಿವಾರ್ಯವಾಗಿತ್ತೆಂಬುದು 1872ರಲ್ಲಿ ಗೊತ್ತಾಯಿತು. ಕೆನಡಾದ ಟೊರಾಂಟೊ ಕಡೆಯಿಂದ ಹಬ್ಬಿದ ಕುದುರೆ ಜ್ವರ ಅಮೆರಿಕದ ಪೂರ್ವ ನಗರಗಳನ್ನೆಲ್ಲ ಸ್ತಬ್ಧಗೊಳಿಸಿತು, ನವೆಂಬರಿನಲ್ಲಿ ಬಾಸ್ಟನ್ನಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಬಂಡಿಗಳನ್ನು ಜನರೇ ಎಳೆದುಕೊಂಡು ಹೋದರು. ಇಷ್ಟು ಬೆಲೆಯ ಪ್ರಾಣಿಯನ್ನು ಆ ಕಾಲದಲ್ಲಿ ಯಾರೂ ಹಗಲೆಲ್ಲ ಒಂಟಿಯಾಗಿ ಬಿಟ್ಟಿರುತ್ತಿರಲಿಲ್ಲ.

ಇನ್ನು ತಂತ್ರದ ಕಡೆಗೆ ಬರೋಣ. ಹೆಪ್ಪುಗಟ್ಟದ ನೀರಿನ ಗುಟ್ಟು ಬಿಸಿ ಮಾಡುವುದರಲ್ಲಿಲ್ಲ, ಆಳದಲ್ಲಿದೆ. ಆರೇಳು ಅಡಿ ಕೆಳಗಿನ ಮಣ್ಣು ವರ್ಷವಿಡೀ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಇದನ್ನು ಮೊದಲು ಕಲಿತು ಬಳಸಿದ್ದು ಹಳ್ಳಿಯ ಲಾಯವಲ್ಲ, ಬೆಂಕಿಗೆ ಹೆದರಿದ ನಗರ. ಫಿಲಡೆಲ್ಫಿಯಾದಲ್ಲಿ 1793ರ ಹಳದಿ ಜ್ವರದ ತರುವಾಯ ಜನ ಸಾರ್ವಜನಿಕ ನೀರಿಗಾಗಿ ಒತ್ತಾಯಿಸಿ, 1801ರಲ್ಲಿ ಮರದ ಕೊಳವೆಗಳ ಜಾಲ ಕೆಲಸಕ್ಕೆ ಬಂತು. ಅಲ್ಲಿನ ಎಂಜಿನಿಯರ್ ಫ್ರೆಡರಿಕ್ ಗ್ರಾಫ್ ಅದೇ ಸುಮಾರಿಗೆ ಬೀದಿಯಲ್ಲಿ ಕಂಬದಂತೆ ನಿಲ್ಲುವ ಹೈಡ್ರಂಟ್ ರೂಪಿಸಿದ. ಒಂದೆರಡು ವರ್ಷಗಳಲ್ಲೇ, 1803ರ ಹೊತ್ತಿಗೆ, ವಾಲ್ವನ್ನು ಕಂಬದ ಬುಡಕ್ಕೆ ಇಳಿಸಿದ ಸುಧಾರಿತ ಮಾದರಿ ಬಂತು. ಹಿಮಗಟ್ಟುವ ಆಳಕ್ಕಿಂತ ಕೆಳಗೆ ನೀರನ್ನು ತಡೆದು, ಮೇಲಿನ ಕಂಬವನ್ನು ಬರಿದು ಮಾಡಿಬಿಟ್ಟರೆ ಹೆಪ್ಪುಗಟ್ಟಲು ಅಲ್ಲಿ ನೀರೇ ಇರುವುದಿಲ್ಲ. ಹೊಲಮನೆಗಳ ಅಂಗಳದಲ್ಲಿ ಕಾಣುವ ಚಳಿ ನಲ್ಲಿಯ ತತ್ವವೂ ಇದೇ: ಹಿಡಿ ಎತ್ತಿದರೆ ಉದ್ದನೆಯ ಸರಳು ನೆಲದೊಳಗಿನ ವಾಲ್ವನ್ನು ತೆರೆಯುತ್ತದೆ, ಇಳಿಸಿದರೆ ಕೊಳವೆಯಲ್ಲಿ ಉಳಿದ ನೀರು ಬುಡದ ಸಣ್ಣ ತೂತಿನಿಂದ ಜಲ್ಲಿಕಲ್ಲಿನ ಗುಂಡಿಗೆ ಇಂಗಿಹೋಗುತ್ತದೆ. ಹೀಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಮೂಲ ತಿಳಿವಳಿಕೆ ಕೈಯಲ್ಲಿತ್ತು. ಆದರೂ ಕುದುರೆಗೆ ತಾನೇ ತುಂಬಿಕೊಳ್ಳುವ, ಹೆಪ್ಪುಗಟ್ಟದ ಬೋಗುಣಿ ಸಾಮಾನ್ಯವಾಗಲು ಒಂದೂವರೆ ಶತಮಾನ ಹಿಡಿಯಿತು. ಈ ದೀರ್ಘ ಅಂತರಕ್ಕೆ ಉತ್ತರ ಕೊಡದ ಯಾವ ಇತಿಹಾಸವೂ ಪೂರ್ಣವಲ್ಲ.

ವಿದ್ಯುತ್ತೇ ಉತ್ತರ ಎನ್ನುವವರ ಮಾತು ಗಟ್ಟಿಯಾದದ್ದು, ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಗ್ರಾಮೀಣ ವಿದ್ಯುದೀಕರಣ ಆಡಳಿತ 1935ರಲ್ಲಿ ಆರಂಭವಾದಾಗ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು, ಇಪ್ಪತ್ತು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮನೆಗಳಿಗೆ ಬಂತು. ಪಂಪಿಲ್ಲದೆ ಕೊಳವೆಯಲ್ಲಿ ಒತ್ತಡವಿಲ್ಲ, ಒತ್ತಡವಿಲ್ಲದೆ ಫ್ಲೋಟ್ ವಾಲ್ವ್ ಸರಿಯಾಗಿ ಕೆಲಸ ಮಾಡದು ಎಂಬುದು ನಿಜ. ಆದರೆ ಗಾಳಿಯಂತ್ರಗಳು ಆ ಬಯಲುಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದಲೇ ನೀರೆತ್ತಿ ತೊಟ್ಟಿ ತುಂಬುತ್ತಿದ್ದವು. ಆ ತೊಟ್ಟಿಗಳನ್ನು ಚಳಿಯಿಂದ ಕಾಯಲು ರೈತರು ಹಿಡಿದ ದಾರಿ ವಿಚಿತ್ರವಾದದ್ದು: ನೀರಿನೊಳಗೇ ಮುಳುಗಿ ಕೂರುವ ಎರಕದ ಕಬ್ಬಿಣದ ಒಲೆ. ಹೊಗೆಕೊಳವೆ ಮೇಲೆ ಚಾಚಿಕೊಂಡಿರುತ್ತಿತ್ತು, ಒಳಗೆ ಸೌದೆ, ಕಲ್ಲಿದ್ದಲು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಉರಿಯುತ್ತಿತ್ತು. ಆಳವಾದ ಕೊಳವೆಗಿಂತ ಈ ಒಲೆ ಅವರಿಗೆ ಒಗ್ಗಿದ್ದೇಕೆ? ಬೆಳಿಗ್ಗೆ ಸಂಜೆ ಉರಿ ಹಾಕಲು ಅಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು, ಅವರ ಹೊತ್ತಿಗೆ ಬೇರೆ ಕೂಲಿ ಕಟ್ಟುವವರು ಇರಲಿಲ್ಲ. ಇನ್ನೂ ಗಮನಿಸಬೇಕಾದ ವಿಷಯವೆಂದರೆ, ಅಯೋವಾದಂಥ ಕಡೆ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಸ್ವಯಂಚಾಲಿತ ನೀರಿನ ಯಂತ್ರಗಳಿಗೆ ಮೊದಲ ಗಿರಾಕಿಗಳಾದವು ಹಂದಿ ಮತ್ತು ದನದ ಹಿಂಡುಗಳು. ಕರೆಂಟ್ ಬರುವುದಕ್ಕೂ ಮೊದಲೇ ಆ ಯಂತ್ರಗಳ ಅಡಿಯಲ್ಲಿ ಸೀಮೆಎಣ್ಣೆ ದೀಪ ಉರಿಸಿ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಿದ್ದರು. ಅಂದರೆ ತಲೆ ಹೆಚ್ಚಿ ಕೈ ಕಡಿಮೆಯಾದ ಕಡೆ ಯಂತ್ರ ಮೊದಲು ಬಂತು, ವಿದ್ಯುತ್ತಿಗಾಗಿ ಕಾಯಲಿಲ್ಲ. ಒಂದೊಂದು ಜೋಡಿಗೂ ಒಬ್ಬ ಮನುಷ್ಯನಿದ್ದ ಕುದುರೆಗಳ ಸರದಿ ಬಂದದ್ದು ಕೊನೆಗೆ.

ಸಾರ್ವಜನಿಕ ತೊಟ್ಟಿಗೆ ಪೆಟ್ಟು ಕೊಟ್ಟದ್ದು ಮೋಟಾರು ಒಂದೇ ಅಲ್ಲ. ಮೂಗಿನಿಂದ ಸುರಿಯುವ ಕೀವಿನಿಂದ ಹಬ್ಬುವ, ಮನುಷ್ಯನನ್ನೂ ಕೊಲ್ಲಬಲ್ಲ ಗ್ಲ್ಯಾಂಡರ್ಸ್ ರೋಗದ ಸೂಕ್ಷ್ಮಾಣುವನ್ನು 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಸ್ ಗುರುತಿಸಿದ ಮೇಲೆ, ನೂರು ಕುದುರೆ ಮೂಗಿಡುವ ತೊಟ್ಟಿಯನ್ನು ಪಶುವೈದ್ಯರು ಅನುಮಾನದಿಂದ ನೋಡತೊಡಗಿದರು. ಕೆಲವು ನಗರಗಳಲ್ಲಿ ತೊಟ್ಟಿಗಳಿಗೆ ಬೀಗ ಬಿತ್ತು, ಗಾಡಿಯವರು ಸ್ವಂತ ಬಕೆಟ್ಟು ಒಯ್ಯುವಂತಾಯಿತು. ದಯೆ ಕಟ್ಟಿಸಿದ್ದನ್ನು ವೈದ್ಯ ಮುಚ್ಚಿಸಿದ. ಲಾಯಕ್ಕೊಂದು, ಕುದುರೆಗೊಂದು ಬೋಗುಣಿ ಎಂಬ ಕಲ್ಪನೆಗೆ ಇದರಿಂದ ಬಲ ಬಂದಿತಾದರೂ ಅದನ್ನು ತುಂಬುವವನು ಇನ್ನೂ ಮನುಷ್ಯನೇ ಆಗಿದ್ದ.

ಅವನು ಹೋದದ್ದು ಹೇಗೆ ಎಂಬುದಕ್ಕೆ ಜಾನುವಾರು ಗಣತಿಯೇ ಸಾಕ್ಷಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡೂವರೆ ಕೋಟಿ ಮೀರಿದ್ದವು. 1960ರ ಹೊತ್ತಿಗೆ ಉಳಿದದ್ದು ಸುಮಾರು ಮೂವತ್ತು ಲಕ್ಷ. ಟ್ರ್ಯಾಕ್ಟರ್ ನೇಗಿಲಿನ ಕುದುರೆಯನ್ನೂ ಲಾರಿ ಗಾಡಿಯ ಕುದುರೆಯನ್ನೂ ಕಿತ್ತುಕೊಂಡವು. ಮುಂದೆ ಸಂಖ್ಯೆ ಮತ್ತೆ ಏರಿತು, ಆದರೆ ಮರಳಿ ಬಂದ ಕುದುರೆ ಬೇರೆಯೇ ಬಾಳು ಬಾಳುವ ಪ್ರಾಣಿ. ಸವಾರಿ, ಸ್ಪರ್ಧೆ, ಹವ್ಯಾಸಕ್ಕಾಗಿ ಸಾಕಿದ ಅದು ದಿನದ ಇಪ್ಪತ್ತಮೂರು ಗಂಟೆ ಬೇಲಿಯೊಳಗೆ ನಿಂತಿರುತ್ತದೆ, ಒಡೆಯ ಕಚೇರಿಗೆ ಹೋಗಿರುತ್ತಾನೆ. ಚಳಿಗಾಲದಲ್ಲಿ ಅವನು ಹೊರಡುವಾಗಲೂ ಕತ್ತಲು, ಮರಳುವಾಗಲೂ ಕತ್ತಲು. ಬೆಳಿಗ್ಗೆ ಇಟ್ಟ ಬಕೆಟ್ಟು ಹತ್ತು ಗಂಟೆಗೆ ಗಡ್ಡೆಯಾದರೆ ಸಂಜೆಯವರೆಗೆ ಒಡೆಯುವವರಿಲ್ಲ. ಈ ನಿರ್ಜನ ಹಗಲುಗಳೇ ಯಂತ್ರಕ್ಕೆ ಮಾರುಕಟ್ಟೆ ತೆರೆದವು. ಬರಬರುತ್ತ ವಿದ್ಯುತ್ ಹೀಟರನ್ನೂ ಬಿಟ್ಟು, ನೆಲದ ಶಾಖವನ್ನೇ ನಂಬುವ ಮಾದರಿಗಳು ಬಂದದ್ದು ವಿದ್ಯುತ್ ವಾದಕ್ಕೆ ಇನ್ನೊಂದು ಏಟು. ದಪ್ಪ ನಿರೋಧಕ ಗೋಡೆಯ ತೊಟ್ಟಿಯ ಬಾಯಿಗೆ ತೇಲುವ ಚೆಂಡು ಮುಚ್ಚಳವಾಗಿರುತ್ತದೆ, ಕುದುರೆ ಅದನ್ನು ಮೂತಿಯಿಂದ ಒತ್ತಿ ಕುಡಿಯಬೇಕು. ಇನ್ನೊಂದು ಬಗೆಯಲ್ಲಿ ಮೂತಿಯಿಂದ ಹಲಗೆ ತಳ್ಳಿದಾಗ ಮಾತ್ರ ನೀರು ಬರುತ್ತದೆ, ಕುಡಿದು ಉಳಿದದ್ದು ನೆಲದಾಳಕ್ಕೆ ಬಸಿದುಹೋಗುತ್ತದೆ. ಇದು ಗ್ರಾಫ್ ಮಾಡಿದ ಕೆಲಸವೇ, ವಾಲ್ವ್ ತೆರೆಯುವ ಕೈಯ ಜಾಗಕ್ಕೆ ಕುದುರೆಯ ಮೂತಿ ಬಂದಿದೆ ಅಷ್ಟೆ. ಚೆಂಡಿನ ಮಾದರಿಗೆ ಒಂದು ಷರತ್ತಿದೆ: ಸಾಕಷ್ಟು ಕುದುರೆಗಳು ಆಗಾಗ ಕುಡಿಯುತ್ತಿದ್ದರೆ ಮಾತ್ರ ಕೆಳಗಿನ ಹೊಸ ನೀರು ಮೇಲೆ ಬಂದು ತೊಟ್ಟಿ ಬೆಚ್ಚಗಿರುತ್ತದೆ. ಒಂದೇ ಕುದುರೆ ಇದ್ದ ಮನೆಯಲ್ಲಿ ಅದು ಹೆಪ್ಪುಗಟ್ಟಬಹುದು.

ಇಷ್ಟಾದ ಮೇಲೆ, ಮನುಷ್ಯನಿಗಿಂತ ಯಂತ್ರವೇ ಮೇಲಲ್ಲವೇ, ಅದು ಮರೆಯುವುದಿಲ್ಲ, ರಜೆ ಕೇಳುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಎಡೆಬಿಡದೆ ನೀರು ಸಿಗುವುದು ದೊಡ್ಡ ಲಾಭವೇ, ಚಳಿನಾಡಿನ ಪಶುವೈದ್ಯರು ಅದನ್ನು ಬಯಸುವುದು ಸಹಜ. ಆದರೆ ಸ್ವೀಡನ್ನಿನಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುದುರೆಗಳು ಒತ್ತಡದ ಬೋಗುಣಿಗಿಂತ ಬಕೆಟ್ಟನ್ನೇ ಇಷ್ಟಪಟ್ಟವೆಂದೂ ನೀರು ಮೆಲ್ಲಗೆ ಬರುವ ಬೋಗುಣಿಯಿಂದ ಕಡಿಮೆ ಕುಡಿದವೆಂದೂ ತೋರಿಸಿತು. ಬಕೆಟ್ಟು ಹಿಡಿದ ಆಳು ನೀರು ಕೊಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ, ಅರ್ಧ ಬಕೆಟ್ಟು ಹಾಗೇ ಇದ್ದರೆ ಒಡೆಯನಿಗೆ ಹೇಳುತ್ತಿದ್ದ. ಶೂಲೆಯ ಮೊದಲ ಸುಳಿವು ಎಷ್ಟೋ ಸಲ ಅಲ್ಲಿಯೇ ಸಿಗುತ್ತಿತ್ತು. ಸದಾ ತುಂಬಿರುವ ಬೋಗುಣಿ ಅದನ್ನು ಹೇಳಲಾರದು. ತಯಾರಕರಿಗೂ ಇದು ತಿಳಿದಿದೆ. ಕುದುರೆ ದಿನಕ್ಕೆ ಎಷ್ಟು ಕುಡಿಯಿತೆಂದು ತೋರಿಸುವ ಮಾಪಕವನ್ನು ಕೆಲವರು ಬೋಗುಣಿಗೆ ಜೋಡಿಸಿ, ಅದಕ್ಕೆ ಬೇರೆಯೇ ಬೆಲೆ ಹಾಕಿ ಮಾರುತ್ತಿದ್ದಾರೆ. ಮಾಪಕ ತೋರಿಸಿದ್ದನ್ನು ಓದಲು ಮಾತ್ರ ಒಡೆಯ ದಿನಕ್ಕೊಮ್ಮೆ ಬೇಲಿಯ ತನಕ ನಡೆದು ಬರಬೇಕು.